ಚೀಟಿ ಬಿದ್ದವಳ ಮೇಕೆಗಳು

ಮೋಟಾರುಬೈಕಿನಲ್ಲಿ ಬಂದ ಹುಡುಗ
ಹೆಲ್ಮೆಟ್ಟಿನ ಮರಳು ಕೊಡವಿ ಹೇಳಿದ:
ಇಡೀ ದೇಶದ ಹೆಸರು ಕಲಸಿ ಚೀಟಿ ಎತ್ತಿದ್ದಾರೆ,
ಈ ಕಣಿವೆಯಲ್ಲಿ ಬಿದ್ದದ್ದು ದುಲಮ್‌ಸುರೆನ್‌ಗೆ.
ನಾಲ್ಕು ದಿನ ಉಲಾನ್‌ಬಾತರಿಗೆ ಬರಬೇಕು,
ಸಂಸತ್ತಿಗೆ ಒಂದು ಮನೆ ಸಾಕೋ ಎರಡು ಬೇಕೋ
ಕೂತು ಮಾತಾಡಬೇಕು.

ಏಪ್ರಿಲ್. ಮೇಕೆಗಳು ಈಯುವ ಕಾಲ.
ಉಣ್ಣೆ ಬಾಚುತ್ತಿದ್ದವಳು ತಲೆ ಎತ್ತಲಿಲ್ಲ.
‘ಚೀಟಿ ಎತ್ತಿದವನಿಗೆ ಮೇಕೆ ಇಲ್ಲವೇನು?’

ಆಮೇಲೆ ನನ್ನ ಕಡೆ ನೋಡಿದಳು.
ಹಾಗೆ ನನ್ನ ತಲೆಗೆ ಬಂದವು
ಇನ್ನೂರಹನ್ನೊಂದು ಮೇಕೆ, ಮೂರು ನಾಯಿ,
ಒಂದು ಕುಂಟು ಹೋತ.

ನಾನು ಚೋಯ್ಜಿಲ್. ಎಲ್ಲ ಚುನಾವಣೆಯಲ್ಲೂ ಓಟು ಹಾಕಿದವನು.
ಅಭ್ಯರ್ಥಿಗಳು ಕೊಟ್ಟ ಕ್ಯಾಲೆಂಡರುಗಳನ್ನು
ಗುಡಾರದ ತೂತಿಗೆ ತುರುಕಿ ಗಾಳಿ ತಡೆದವನು.
ಅನುಭವದ ಮಾತು ಹೇಳುತ್ತೇನೆ:
ಗೆದ್ದವನ ಮುಖಕ್ಕಿಂತ ಸೋತವನದು ಗಟ್ಟಿ ಕಾಗದ.
ನನಗೆ ಯಾಕೆ ಚೀಟಿ ಬೀಳಲಿಲ್ಲ?
ಹೊಟ್ಟೆಕಿಚ್ಚು ಪಟ್ಟೆ. ಇಲ್ಲ ಅಂದರೆ ಸುಳ್ಳು.

ಎರಡನೆಯ ದಿನ ಸಿಗ್ನಲ್ಲಿಗೆ ಗುಡ್ಡ ಹತ್ತಿದೆ.
‘ಹೇಗಿದೆ?’ ಅಂದೆ.
‘ಕುರ್ಚಿ ತಿರುಗುತ್ತದೆ,’ ಅಂದಳು,
‘ಹದಿನಾಲ್ಕು ಜನರ ಗುಂಪು, ದುಂಡು ಮೇಜು.
ಬ್ಯಾಂಕಿನವನೊಬ್ಬ ಸಕ್ಕರೆ ಇತ್ತ ಕೊಡಿ ಅಂತ ನನ್ನ ಕೇಳಿದ.
ಮೇಕೆ ಹೇಗಿವೆ?’

ಮೇಕೆ ಹೇಗಿದ್ದವು ಅಂದರೆ —
ಕಪ್ಪು ಮೇಕೆಯೊಂದು ತಾನು ಈದ ಮರಿಯನ್ನೇ
ಮೂಸಿ ನೋಡಿ ಒದೆಯಿತು.
ನಮ್ಮಲ್ಲಿ ಇದಕ್ಕೊಂದೇ ಮದ್ದು:
ಪಕ್ಕದಲ್ಲಿ ಕೂತು ಅದರ ಕಿವಿಗೆ ರಾಗ ಎಳೆಯುವುದು,
ತಾಸುಗಟ್ಟಲೆ, ಅದಕ್ಕೆ ಮನಸ್ಸು ಕರಗುವವರೆಗೆ.
ಕಾಲು ಕಟ್ಟಿ ಹಾಲು ಕರೆಯಬಹುದು,
ತಾಯಿ ಮಾಡಲಾಗುವುದಿಲ್ಲ.
ನನ್ನದು ಒಡಕು ದನಿ. ಕತ್ತಲಾಗುವವರೆಗೂ ಹಾಡಿದೆ.
ನಾಯಿಗಳು ಎದ್ದು ದೂರ ಹೋಗಿ ಕೂತವು.

ಮೂರನೆಯ ದಿನ ಮತ್ತೆ ಗುಡ್ಡ.
‘ಎರಡು ಮನೆ ಬೇಕು ಅಂತ ಬರೆದಿದ್ದೆ,
ಈಗ ಬೇಡ ಅಂತ ಬರೆದೆ,’ ಅಂದಳು.
‘ಯಾರು ತಲೆ ಕೆಡಿಸಿದರು?’
‘ಯಾರೂ ಇಲ್ಲ. ಟ್ಯಾಕ್ಸಿ ಓಡಿಸುವ ಲ್ಹಾಗ್ವಾಜಾವ್ ಸುಮ್ಮನೆ ಕೇಳಿದ:
ಮೊದಲನೇ ಮನೆಯವರ ಭಾವಮೈದುನರೇ
ಎರಡನೇ ಮನೆಯಲ್ಲಿ ಕೂತರೆ ಏನು ಗತಿ?
ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ.
ನಾನೂ ಒಂದು ಮಾತು ಆಡಿದೆ, ಚೋಯ್ಜಿಲ್.
ನಮ್ಮ ಮನೆ ವರ್ಷಕ್ಕೆ ನಾಲ್ಕು ಸಲ ಬಿಚ್ಚುತ್ತೇವೆ,
ಯಾವ ಹಗ್ಗ ಎಲ್ಲಿ ಅಂತ ಮಕ್ಕಳಿಗೂ ಗೊತ್ತು.
ನಿಮ್ಮದನ್ನು ಬಿಚ್ಚಲು ಯಾರಿಗೆ ಬರುತ್ತದೆ ಅಂದೆ.’
‘ಏನಂದರು?’
‘ಒಬ್ಬಳು ಬರೆದುಕೊಂಡಳು.’
ಗಾಳಿ ಬೀಸಿತು, ಫೋನು ಸತ್ತಿತು.

ಅವಳು ಬಂದಿಳಿದಾಗ ಮೊದಲು ಮೇಕೆ ಎಣಿಸಿದಳು.
ಮರಿಗಳನ್ನು ಬಿಟ್ಟು ಇನ್ನೂರಹತ್ತು.
ಎರಡನೆಯ ಸಲ ಎಣಿಸುವ ಮುಂಚೆಯೇ ಹೇಳಿದೆ:
ತೋಳ. ನಿನ್ನೆ ರಾತ್ರಿ. ನಾನು ನಿದ್ದೆ ಹೋಗಿದ್ದೆ.
ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ.
ಕೇಳಬೇಕೆಂದು ಗಂಟು ಕಟ್ಟಿಟ್ಟಿದ್ದ ಮಾತೆಲ್ಲ
— ಅಧ್ಯಕ್ಷ, ಸಂವಿಧಾನ, ಆ ಎತ್ತರದ ಬಾಗಿಲು —
ಗಂಟಲಲ್ಲೇ ಉಳಿಯಿತು.

ಚಹಾಕ್ಕೆ ಉಪ್ಪು ಹಾಕುತ್ತಾ ಅಂದಳು:
‘ನಾವು ಹೇಳಿದ್ದು ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ.
ಮುಂದಿನ ಸಲ ನಿನಗೆ ಬಿದ್ದರೆ ಹೋಗು.
ನಿನ್ನ ಕುದುರೆ ನಾನು ನೋಡಿಕೊಳ್ಳುತ್ತೇನೆ.
ನಾನು ನಿದ್ದೆ ಮಾಡುವುದಿಲ್ಲ.’

ಕೊರಳಿಂದ ನೀಲಿ ಪಟ್ಟಿ ತೆಗೆದಳು,
ಅದರ ತುದಿಯಲ್ಲಿ ಅವಳ ಹೆಸರು, ಗುಂಪಿನ ಸಂಖ್ಯೆ.
ಗಟ್ಟಿ ನೇಯ್ಗೆ. ಎಳೆದು ನೋಡಿ,
ಕಪ್ಪು ಮೇಕೆಯ ಮರಿಯನ್ನು ಅದರಲ್ಲೇ ಗೂಟಕ್ಕೆ ಕಟ್ಟಿದಳು.
ಮರಿ ಮೊದಲು ಹಗ್ಗ ಜಗ್ಗಿತು,
ಆಮೇಲೆ ಆ ಹೆಸರನ್ನು ಚೀಪತೊಡಗಿತು.
ತಾಯಿ ದೂರದಲ್ಲಿ ನಿಂತು
ಇನ್ನೂ ಯೋಚಿಸುತ್ತಿತ್ತು.